ಏಳು ತಲೆಮಾರು ಕಾದ ಜನ

ಹೊಸ ವರ್ಷ ಬಂತೆಂದರೆ ನಮ್ಮ ಧರ್ಮಕೇಂದ್ರದ ಕ್ಯಾಲೆಂಡರ್ ಮನೆಯ ಗೋಡೆಗೆ ಬರುತ್ತದೆ. ವಿಭೂತಿ ಬುಧವಾರ ಯಾವತ್ತು, ಪಾಸ್ಖ ಹಬ್ಬ ಯಾವತ್ತು, ಯಾವ ದಿನ ಉಪವಾಸ, ಯಾವ ದಿನ ಮಾಂಸ ವರ್ಜ್ಯ ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ನಾವು ಒಮ್ಮೆ ಕಣ್ಣು ಹಾಯಿಸುತ್ತೇವೆ. ಹಾಲಿನ ಲೆಕ್ಕವನ್ನೂ ಗ್ಯಾಸ್ ಸಿಲಿಂಡರ್ ಬಂದ ತಾರೀಖನ್ನೂ ಅದರ ಮೇಲೆಯೇ ಬರೆದುಕೊಳ್ಳುತ್ತೇವೆ. ಹಬ್ಬದ ದಿನ ತಿಳಿಯಲು ನಾವು ಏನೂ ಕಷ್ಟಪಡಬೇಕಾಗಿಲ್ಲ.

ಆದರೆ ಇಂಥದೊಂದು ಪಂಚಾಂಗಕ್ಕಾಗಿ ಪ್ರಾಣವನ್ನೇ ಪಣಕ್ಕಿಟ್ಟ ಕ್ರೈಸ್ತರಿದ್ದರು. ಗುರುಗಳಿಲ್ಲದೆ, ಬಲಿಪೂಜೆ ಇಲ್ಲದೆ, ದೇವಾಲಯವಿಲ್ಲದೆ, ಒಂದು ಶಿಲುಬೆಯನ್ನು ಬಹಿರಂಗವಾಗಿ ಇಟ್ಟುಕೊಳ್ಳುವ ಸ್ವಾತಂತ್ರ್ಯವೂ ಇಲ್ಲದೆ ಅವರು ಇನ್ನೂರಕ್ಕೂ ಹೆಚ್ಚು ವರ್ಷ ವಿಶ್ವಾಸವನ್ನು ಉಳಿಸಿಕೊಂಡರು. ಅವರು ಜಪಾನ್ ದೇಶದ ನಾಗಸಾಕಿ ಸೀಮೆಯ ಕ್ರೈಸ್ತರು. ಈ ತಪಸ್ಸು ಕಾಲದಲ್ಲಿ ಅವರ ಚರಿತ್ರೆಯನ್ನು ನಾವು ನೆನೆಯುವುದು ಯೋಗ್ಯವಾಗಿದೆ. ಅದಕ್ಕೆ ಕಾರಣವೇನೆಂಬುದು ಮುಂದೆ ಓದುವಾಗ ತಿಳಿಯುತ್ತದೆ.

ಗೋವೆಯಿಂದ ಹೊರಟ ಹಡಗು

ಜಪಾನಿನ ಧರ್ಮಸಭೆಯ ಕಥೆ ಆರಂಭವಾಗುವುದು ನಮ್ಮ ನೆರೆಯ ಗೋವೆಯಲ್ಲಿ. ತನ್ನ ದೇಶವನ್ನು ಬಿಟ್ಟು ಬಂದಿದ್ದ ಅಂಜಿರೋ ಎಂಬ ಜಪಾನೀಯನು 1548ರಲ್ಲಿ ಗೋವೆಯಲ್ಲಿ ಜ್ಞಾನಸ್ನಾನ ಪಡೆದನು. ಅವನನ್ನು ಜೊತೆಗೆ ಕರೆದುಕೊಂಡು ಸಂತ ಫ್ರಾನ್ಸಿಸ್ ಝೇವಿಯರ್ ಜಪಾನಿಗೆ ಹೊರಟರು. 1549ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನವೇ, ಅವರು ಕಾಗೋಶಿಮ ಬಂದರಿನಲ್ಲಿ ಇಳಿದರು. ಅವರು ಬಿತ್ತಿದ ಬೀಜ ಬೇಗ ಫಲ ಕೊಟ್ಟಿತು. 17ನೆಯ ಶತಮಾನದ ಆರಂಭದ ಹೊತ್ತಿಗೆ ಅಲ್ಲಿನ ಕ್ರೈಸ್ತರ ಸಂಖ್ಯೆ ಸುಮಾರು 3 ಲಕ್ಷ ಮುಟ್ಟಿತ್ತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ.

ಆದರೆ ಆಳುವವರ ಮನಸ್ಸಿನಲ್ಲಿ ಅನುಮಾನ ಮೊಳೆಯಿತು. ಗುರುಗಳ ಹಿಂದೆಯೇ ಪೋರ್ಚುಗಲ್, ಸ್ಪೇನ್ ದೇಶಗಳ ಸೈನ್ಯವೂ ಬಂದೀತೆಂಬ ಭಯ ಅವರದು. ಅಂದಿನ ಲೋಕದ ರೀತಿಯನ್ನು ನೋಡಿದರೆ ಆ ಭಯಕ್ಕೆ ಆಧಾರವೇ ಇರಲಿಲ್ಲ ಎನ್ನಲಾಗದು. ಆದರೆ ಅದರ ಬೆಲೆ ತೆತ್ತವರು ಬಡ ರೈತರು, ಬೆಸ್ತರು, ಕೂಲಿಗಳು. 1587ರಲ್ಲಿ ಗುರುಗಳು ದೇಶ ಬಿಡಬೇಕೆಂದು ಹಿದೆಯೋಶಿ ಆಜ್ಞೆ ಹೊರಡಿಸಿದನು. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಜಾಕ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಚಳಿಗಾಲದಲ್ಲಿ ಸುಮಾರು ಒಂದು ತಿಂಗಳು ಅವರನ್ನು ನಡೆಸಿಕೊಂಡು ಬರಲಾಗಿತ್ತು. ಅವರಲ್ಲಿ ಅತ್ಯಂತ ಕಿರಿಯನಾದ ಲೂಯಿಸ್ ಇಬರಾಕಿಗೆ 12 ವರ್ಷ. ಅವರಲ್ಲೊಬ್ಬರು ನಮ್ಮ ದೇಶದವರು, ಮುಂಬಯಿಯ ಬಳಿಯ ವಸಾಯಿಯಲ್ಲಿ ಹುಟ್ಟಿದ ಫ್ರಾನ್ಸಿಸ್ಕನ್ ಸಹೋದರ ಗೊನ್ಸಾಲೊ ಗಾರ್ಸಿಯ. 1862ರಲ್ಲಿ ಪೋಪ್ ಒಂಬತ್ತನೆಯ ಪಿಯುಸ್ ಈ 26 ಮಂದಿಯನ್ನು ಸಂತರೆಂದು ಸಾರಿದರು. ಹೀಗೆ ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲ ಸಂತರಾದವರು ಗೊನ್ಸಾಲೊ ಗಾರ್ಸಿಯ.

1614ರಲ್ಲಿ ದೇಶದಾದ್ಯಂತ ಕ್ರೈಸ್ತ ಧರ್ಮವನ್ನೇ ನಿಷೇಧಿಸಲಾಯಿತು. ದೇವಾಲಯಗಳು ನೆಲಸಮವಾದವು. ಅಡಗಿ ಸೇವೆ ಮಾಡುತ್ತಿದ್ದ ಗುರುಗಳು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. 1622ರಲ್ಲಿ ನಾಗಸಾಕಿಯಲ್ಲಿ ಒಂದೇ ದಿನ ಗುರುಗಳು, ಗೃಹಸ್ಥರು, ಹೆಂಗಸರು, ಮಕ್ಕಳು ಸೇರಿ 55 ಮಂದಿ ರಕ್ತಸಾಕ್ಷಿಗಳಾದರು. 1644ರ ಹೊತ್ತಿಗೆ ಆ ದೇಶದಲ್ಲಿ ಬಹಿರಂಗವಾಗಲಿ ಗುಟ್ಟಾಗಲಿ ಸೇವೆ ಮಾಡುವ ಒಬ್ಬ ಗುರುವೂ ಉಳಿಯಲಿಲ್ಲ.

ಗುರುಗಳಿಲ್ಲದ ಧರ್ಮಸಭೆ

ಮುಂದಿನ ಇನ್ನೂರು ವರ್ಷಗಳು ಹೇಗೆ ಕಳೆದವು? ಪ್ರತಿಯೊಂದು ಕುಟುಂಬವೂ ಬೌದ್ಧ ಮಂದಿರವೊಂದರಲ್ಲಿ ಹೆಸರು ಬರೆಸಬೇಕಿತ್ತು. ಐದೈದು ಮನೆಗಳ ಗುಂಪು ಮಾಡಿ, ಒಬ್ಬರ ತಪ್ಪಿಗೆ ಐವರನ್ನೂ ಹೊಣೆ ಮಾಡುತ್ತಿದ್ದರು. ಕ್ರೈಸ್ತರನ್ನು ಹಿಡಿದುಕೊಟ್ಟವರಿಗೆ ಬೆಳ್ಳಿ ನಾಣ್ಯಗಳ ಬಹುಮಾನವೆಂದು ಊರ ಬಾಗಿಲಲ್ಲಿ ಫಲಕ ನಿಲ್ಲಿಸಿದ್ದರು. ನಾಗಸಾಕಿಯಲ್ಲಿ ವರ್ಷಕ್ಕೊಮ್ಮೆ ಯೇಸುಸ್ವಾಮಿಯ ಅಥವಾ ಮಾತೆ ಮರಿಯಮ್ಮನವರ ಚಿತ್ರವಿರುವ ಹಲಗೆಯನ್ನು ನೆಲದ ಮೇಲಿಟ್ಟು ಪ್ರತಿಯೊಬ್ಬರೂ ಅದನ್ನು ತುಳಿಯುವಂತೆ ಮಾಡುತ್ತಿದ್ದರು. ತುಳಿಯದವನು ಕ್ರೈಸ್ತ. 1850ರ ದಶಕದವರೆಗೂ ಈ ಪದ್ಧತಿ ನಡೆಯಿತು.

ಇಂಥ ಕಾಲದಲ್ಲಿ ಉರಾಕಾಮಿ ಎಂಬ ಹಳ್ಳಿಯವರೂ, ಸುತ್ತಲಿನ ಕಡಲ ತೀರದ ಮತ್ತು ದ್ವೀಪಗಳ ಜನರೂ ತಮ್ಮಲ್ಲೇ ಒಂದು ವ್ಯವಸ್ಥೆ ಮಾಡಿಕೊಂಡರು. ಪಂಚಾಂಗವನ್ನು ಕಾಪಾಡಿ ಹಬ್ಬ-ಉಪವಾಸಗಳ ದಿನ ಲೆಕ್ಕಹಾಕುವ ಒಬ್ಬ ಹಿರಿಯ. ಹುಟ್ಟಿದ ಕೂಸುಗಳಿಗೆ ಜ್ಞಾನಸ್ನಾನ ಕೊಡುವ ಇನ್ನೊಬ್ಬ. ಮನೆಮನೆಗೆ ಸುದ್ದಿ ಮುಟ್ಟಿಸುವ ಮತ್ತೊಬ್ಬ. ಇವರ್ಯಾರೂ ಅಭಿಷಿಕ್ತರಲ್ಲ. ಎಲ್ಲರೂ ಹೊಲಗದ್ದೆಯಲ್ಲಿ ದುಡಿಯುವವರೇ. ನಮ್ಮ ಹಳ್ಳಿಗಳಲ್ಲಿ ವರ್ಷಕ್ಕೆರಡು ಸಲ ಗುರುಗಳು ಬರುತ್ತಿದ್ದ ಕಾಲದಲ್ಲಿ ಉಪದೇಶಿಗಳು ಪ್ರಾರ್ಥನೆ ನಡೆಸಿ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುತ್ತಿದ್ದುದನ್ನು ಕೇಳಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಒಂದೇ ವ್ಯತ್ಯಾಸ. ಇಲ್ಲಿ ಆರು ತಿಂಗಳಿಗಾದರೂ ಗುರುಗಳು ಬರುತ್ತಿದ್ದರು. ಅಲ್ಲಿ ಅಜ್ಜ ಕಾದ, ಮಗ ಕಾದ, ಮೊಮ್ಮಗ ಕಾದ, ಯಾರೂ ಬರಲಿಲ್ಲ.

ಪ್ರಾರ್ಥನೆಗಳನ್ನು ಬರೆದಿಡುವುದು ಅಪಾಯ. ಆದ್ದರಿಂದ ಬಾಯಿಪಾಠವಾಗಿ ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ದಾಟಿಸಿದರು. ಲತೀನ್ ಮತ್ತು ಪೋರ್ಚುಗೀಸ್ ಪದಗಳು ಕಾಲಕ್ರಮೇಣ ಸವೆದು ಅರ್ಥವೇ ತಿಳಿಯದಂತಾದರೂ ಬಿಡದೆ ಜಪಿಸಿದರು. ಕೂಸನ್ನು ಎತ್ತಿಕೊಂಡ ಬೌದ್ಧರ ದೇವತೆಯ ವಿಗ್ರಹವನ್ನು ಮನೆಯಲ್ಲಿಟ್ಟು, ಅದರಲ್ಲಿ ಬಾಲಯೇಸುವನ್ನು ಎತ್ತಿಕೊಂಡ ಮರಿಯಮ್ಮನವರನ್ನು ಕಂಡು ಪ್ರಾರ್ಥಿಸಿದರು.

ಇಲ್ಲಿ ಒಂದು ಮಾತನ್ನು ನಾವು ಮುಚ್ಚಿಡಬಾರದು. ಆ ಕ್ರೈಸ್ತರಲ್ಲಿ ಬಹುತೇಕ ಎಲ್ಲರೂ ವರ್ಷ ವರ್ಷವೂ ಆ ಹಲಗೆಯನ್ನು ತುಳಿದರು. ತುಳಿಯದಿದ್ದರೆ ಮಕ್ಕಳೂ ನೆರೆಯವರೂ ಸಾಯುತ್ತಿದ್ದರು. ತುಳಿದು ಮನೆಗೆ ಬಂದು ಕದ ಹಾಕಿಕೊಂಡು ಪಶ್ಚಾತ್ತಾಪ ಪ್ರಾರ್ಥನೆ ಹೇಳುತ್ತಿದ್ದರು. ಪಾಪನಿವೇದನೆ ಕೇಳಲು ಗುರುಗಳಿಲ್ಲದಿರುವಾಗ ದೇವರ ಮೇಲಿನ ಪ್ರೀತಿಯಿಂದ ಹುಟ್ಟುವ ಪರಿಪೂರ್ಣ ಪಶ್ಚಾತ್ತಾಪದಿಂದ ಕ್ಷಮೆ ದೊರೆಯುತ್ತದೆಂದು ಕಲಿಸುವ ಕಿರುಪುಸ್ತಕವೊಂದು 1603ರ ಸುಮಾರಿಗೆ ಅವರ ಭಾಷೆಯಲ್ಲಿ ಸಿದ್ಧವಾಗಿತ್ತು. ಅದರ ನಕಲುಗಳನ್ನು ಗುಟ್ಟಾಗಿ ಬರೆದುಕೊಂಡು ತಲೆಮಾರುಗಳವರೆಗೆ ಕಾಪಾಡಿದರು. ಸಂತ ಪೇತ್ರರು ಮೂರು ಸಲ ಪ್ರಭುವನ್ನು ಅರಿಯೆನೆಂದು ಹೇಳಿ ಹೊರಗೆ ಹೋಗಿ ಅತ್ತರಲ್ಲವೇ? ಈ ಜನ ಆ ಕಣ್ಣೀರನ್ನು ಇನ್ನೂರು ವರ್ಷ ಸುರಿಸಿದರು. ಅವರು ಕಾಪಾಡಿಕೊಂಡ ವಿಶ್ವಾಸ ವೀರರ ವಿಶ್ವಾಸವಲ್ಲ. ಬಿದ್ದು ಬಿದ್ದು ಏಳುವವರ ವಿಶ್ವಾಸ.

ಬಸ್ತಿಯಾನನ ವಾಗ್ದಾನ

ಇಷ್ಟು ಕಾಲ ಅವರನ್ನು ಹಿಡಿದು ನಿಲ್ಲಿಸಿದ್ದು ಏನು? ಅವರಲ್ಲಿ ಪರಂಪರೆಯಿಂದ ಬಂದ ಒಂದು ಮಾತಿತ್ತು. ಬಸ್ತಿಯಾನ್ ಎಂಬ ಜಪಾನೀ ಉಪದೇಶಿಯೊಬ್ಬರು ಹಿಂಸೆಯ ಕಾಲದಲ್ಲಿ ಅಡಗಿ ಸೇವೆ ಮಾಡುತ್ತಿದ್ದು ಕೊನೆಗೆ ಸಿಕ್ಕಿಬಿದ್ದು ಪ್ರಾಣ ಕೊಟ್ಟರಂತೆ. ಅವರು ಎರಡು ಆಸ್ತಿಗಳನ್ನು ಬಿಟ್ಟುಹೋದರೆಂದು ಜನ ನಂಬುತ್ತಿದ್ದರು. ಒಂದು, ಹಬ್ಬಗಳ ದಿನ ತಿಳಿಸುವ ಪಂಚಾಂಗ. ಇನ್ನೊಂದು, ಒಂದು ಭರವಸೆ. ಏಳು ತಲೆಮಾರುಗಳ ನಂತರ ಪಾಪನಿವೇದನೆ ಕೇಳುವ ಗುರುಗಳು ದೊಡ್ಡ ಕಪ್ಪು ಹಡಗಿನಲ್ಲಿ ಬರುತ್ತಾರೆ, ಆಗ ವಾರವಾರವೂ ಪಾಪನಿವೇದನೆ ಮಾಡಬಹುದು, ಎಲ್ಲಿ ಬೇಕಾದರೂ ಗಟ್ಟಿಯಾಗಿ ದೇವರ ಹಾಡು ಹಾಡಬಹುದು ಎಂಬುದೇ ಆ ಭರವಸೆ.

ಪ್ರಿಯ ಓದುಗರೇ, ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ. ಏಳು ತಲೆಮಾರು ಎಂದರೆ, ಅದನ್ನು ಮೊದಲು ಕೇಳಿದವನಿಗೆ ಅದರಿಂದ ಏನು ಲಾಭ? ಅವನು ನೋಡುವುದಿಲ್ಲ. ಅವನ ಮಗನೂ ನೋಡುವುದಿಲ್ಲ. ಮೊಮ್ಮಗನೂ ಇಲ್ಲ. ನಾವು ಒಂದು ನೊವೆನಾ ಮುಗಿಸಿ ಹತ್ತನೆಯ ದಿನ ಉತ್ತರ ಬರಲಿಲ್ಲವೆಂದರೆ ದೇವರು ಕಿವಿಗೊಡಲಿಲ್ಲ ಎನ್ನುತ್ತೇವೆ. ಆ ಜನ ತಾವು ಕಾಣಲಾಗದ ದಿನಕ್ಕಾಗಿ ತಮ್ಮ ಮಕ್ಕಳನ್ನು ಸಿದ್ಧಪಡಿಸಿದರು. ಇಬ್ರಿಯರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಅಬ್ರಹಾಮ, ಸಾರಾ ಮೊದಲಾದವರ ವಿಶ್ವಾಸವನ್ನು ಹೊಗಳಿರುವುದು ಇದಕ್ಕಾಗಿಯೇ. ವಾಗ್ದಾನ ಕೈಸೇರುವ ಮುಂಚೆಯೇ ಅವರು ಕಣ್ಮುಚ್ಚಿದರು. ಆದರೂ ದೂರದಲ್ಲಿ ಅದನ್ನು ಕಂಡು ಸಂತೋಷಪಟ್ಟರು.

ತಪಸ್ಸು ಕಾಲದ 17ನೆಯ ದಿನ

1853ರಲ್ಲಿ ಅಮೆರಿಕದ ಕಪ್ಪು ಹಡಗುಗಳು ಜಪಾನಿನ ಕಡಲಿಗೆ ಬಂದವು. ಮುಚ್ಚಿದ ಬಾಗಿಲು ತೆರೆಯಿತು. 1858ರ ಒಪ್ಪಂದದಂತೆ ಫ್ರೆಂಚರಿಗೆ ತಮ್ಮ ಜನರಿಗಾಗಿ ದೇವಾಲಯ ಕಟ್ಟಿಕೊಳ್ಳುವ ಹಕ್ಕು ದೊರೆಯಿತು. ಜಪಾನೀಯರಿಗೆ ಮಾತ್ರ ನಿಷೇಧ ಹಾಗೆಯೇ ಇತ್ತು. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು ನಾಗಸಾಕಿಯ ಓರ ಎಂಬಲ್ಲಿ 26 ರಕ್ತಸಾಕ್ಷಿಗಳ ಹೆಸರಿನಲ್ಲಿ ದೇವಾಲಯ ಕಟ್ಟಿ 1865ರ ಫೆಬ್ರವರಿ 19ರಂದು ಪ್ರತಿಷ್ಠಾಪಿಸಿದರು. ಈ ಸಂಸ್ಥೆ ನಮಗೆ ಹೊಸದಲ್ಲ. 1799ರ ನಂತರ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದ ಅಬ್ಬೆ ದ್ಯುಬುವಾ ಅವರು ಇದೇ ಸಂಸ್ಥೆಯವರು.

1865ರ ಮಾರ್ಚ್ 17, ಶುಕ್ರವಾರ. ಮಧ್ಯಾಹ್ನದ ಹೊತ್ತು. ದೇವಾಲಯದ ಬಾಗಿಲ ಬಳಿ ಹತ್ತು ಹದಿನೈದು ಮಂದಿ ಹಳ್ಳಿಯವರು ನಿಂತಿರುವುದನ್ನು ಬರ್ನಾರ್ಡ್ ಪೆತಿಜಾನ್ ಸ್ವಾಮಿಗಳು ಕಂಡರು. ಬಾಗಿಲು ತೆರೆದು ಒಳಗೆ ಬಂದು ಪರಮ ಪ್ರಸಾದದ ಮುಂದೆ ಮೊಣಕಾಲೂರಿದರು. ಆಗ ಒಬ್ಬ ಹೆಂಗಸು ಹತ್ತಿರ ಬಂದು, ತಮ್ಮೆಲ್ಲರ ಹೃದಯವೂ ಅವರ ಹೃದಯದಂತೆಯೇ ಎಂದು ಮೆಲ್ಲನೆ ಹೇಳಿದಳು. ಮರಿಯಮ್ಮನವರ ಸ್ವರೂಪ ಎಲ್ಲಿದೆ ಎಂದು ಕೇಳಿದಳು. ಉರಾಕಾಮಿಯ ಆ ತಾಯಿಯ ಹೆಸರು ಇಸಬೆಲಿನಾ ಯೂರಿ ಸುಗಿಮೊತೊ. ಸ್ವಾಮಿಗಳು ಅವರನ್ನು ಮಾತೆಯ ಪೀಠದ ಬಳಿಗೆ ಕರೆದೊಯ್ದರು. ಮಾತೆಯ ತೋಳಿನಲ್ಲಿದ್ದ ಬಾಲಯೇಸುವನ್ನು ನೋಡಿ ಆ ಜನ ಆನಂದಿಸಿದರು. ತಾವು ಆ ಕಂದನ ಜನನದ ಹಬ್ಬವನ್ನು ಚಳಿಗಾಲದ ತಿಂಗಳಲ್ಲಿ ಆಚರಿಸುವುದಾಗಿಯೂ, ಈಗ ದುಃಖದ ಕಾಲದ ಹದಿನೇಳನೆಯ ದಿನದಲ್ಲಿರುವುದಾಗಿಯೂ ಅವರು ತಿಳಿಸಿದರು.

ನಾವೇ ಲೆಕ್ಕ ಹಾಕಿ ನೋಡೋಣ. ಆ ವರ್ಷ ಪಾಸ್ಖ ಹಬ್ಬ ಏಪ್ರಿಲ್ 16ಕ್ಕೆ. ವಿಭೂತಿ ಬುಧವಾರ ಮಾರ್ಚ್ 1ಕ್ಕೆ. ಮಾರ್ಚ್ 17 ಎಂದರೆ ಸರಿಯಾಗಿ ತಪಸ್ಸು ಕಾಲದ 17ನೆಯ ದಿನ. ಅಚ್ಚಾದ ಪುಸ್ತಕವಿಲ್ಲ, ರೋಮಿನಿಂದ ಸುದ್ದಿಯಿಲ್ಲ, ಗುರುಗಳಿಲ್ಲ. ಆದರೂ ಆ ಹಳ್ಳಿಯವರು ಇಡೀ ಧರ್ಮಸಭೆಯೊಂದಿಗೆ ಅದೇ ದಿನ ಅದೇ ತಪಸ್ಸಿನಲ್ಲಿದ್ದರು!

ಮುಂದಿನ ವಾರಗಳಲ್ಲಿ ಬೇರೆ ಬೇರೆ ಹಳ್ಳಿಗಳಿಂದ ಜನ ಬಂದರು. ರೋಮಿನಲ್ಲಿರುವ ಹಿರಿಯರ ಹೆಸರೇನೆಂದು ಕೇಳಿದರು. ಗುರುಗಳು ಮದುವೆಯಾಗಿದ್ದಾರೆಯೇ ಎಂದು ವಿಚಾರಿಸಿದರು. ಪೂರ್ವಿಕರು ಹೇಳಿಕೊಟ್ಟ ಗುರುತುಗಳೆಲ್ಲ ಸರಿಹೊಂದಿದ ಮೇಲೆಯೇ ಅವರಿಗೆ ಪೂರ್ಣ ನಂಬಿಕೆ ಬಂದದ್ದು.

ವಾಗ್ದಾನ ನೆರವೇರಿದ ಮೇಲೆ

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ವಾಗ್ದಾನ ನೆರವೇರಿದ ಎರಡೇ ವರ್ಷಗಳಲ್ಲಿ ಹೊಸ ಹಿಂಸೆ ಆರಂಭವಾಯಿತು. ಉರಾಕಾಮಿಯ ಕ್ರೈಸ್ತರು ತಮ್ಮ ಸತ್ತವರನ್ನು ಬೌದ್ಧ ವಿಧಿಯಿಲ್ಲದೆ ತಾವೇ ಮಣ್ಣು ಮಾಡತೊಡಗಿದರು. 1867ರ ಜುಲೈಯಲ್ಲಿ ಒಂದು ಮುಂಜಾನೆ 68 ಮಂದಿಯನ್ನು ಹಿಡಿದೊಯ್ದರು. ಚಿತ್ರಹಿಂಸೆ ತಾಳಲಾರದೆ ಒಬ್ಬೊಬ್ಬರಾಗಿ ಧರ್ಮ ಬಿಡುತ್ತೇವೆಂದು ಒಪ್ಪಿಕೊಂಡರು. ಕೊನೆಯವರೆಗೆ ಒಪ್ಪದವನು ತಕಾಗಿ ಸೆನ್ಎಮೊನ್ ಎಂಬ ರೈತ. ಉಳಿದವರು ಬಿಡುಗಡೆಯಾಗಿ ಊರಿಗೆ ಮರಳಿದರು. ಆದರೆ ಮನೆಯಲ್ಲಿ ಅವರಿಗೆ ಸಮಾಧಾನವಿರಲಿಲ್ಲ. ಅವರು ತಾವಾಗಿಯೇ ಅಧಿಕಾರಿಗಳ ಬಳಿಗೆ ಹೋಗಿ, ಬಾಯಿತಪ್ಪಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ, ನಾವು ಕ್ರೈಸ್ತರೇ ಎಂದು ತಿಳಿಸಿದರು.

1868ರಿಂದ 1870ರೊಳಗೆ ಆ ಇಡೀ ಊರನ್ನೇ, ಸುಮಾರು 3,400 ಜನರನ್ನು, ದೇಶದ ಬೇರೆ ಬೇರೆ ಕಡೆಗೆ ಗಡೀಪಾರು ಮಾಡಿದರು. ಸುವಾನೊ ಎಂಬಲ್ಲಿ ಹೆಪ್ಪುಗಟ್ಟಿದ ಕೊಳದ ನೀರಿಗೆ ಇಳಿಸಿ, ಮೂರಡಿಯ ಪಂಜರದಲ್ಲಿ ಕೂಡಿಹಾಕಿ ಹಿಂಸಿಸಿದರು. ಗಡೀಪಾರಾದ 600ಕ್ಕೂ ಹೆಚ್ಚು ಜನ ಮರಳಿ ಊರು ನೋಡಲಿಲ್ಲ. ಸುಮಾರು ಸಾವಿರ ಜನ ಹಿಂಸೆಗೆ ಸೋತು ಧರ್ಮ ಬಿಟ್ಟರು. ಈ ಸುದ್ದಿ ಯೂರೋಪ್, ಅಮೆರಿಕಗಳಲ್ಲಿ ಹರಡಿ ಸರ್ಕಾರದ ಮೇಲೆ ಒತ್ತಡ ಬಂತು. 1873ರ ಫೆಬ್ರವರಿಯಲ್ಲಿ ನಿಷೇಧದ ಫಲಕಗಳನ್ನು ಕಿತ್ತುಹಾಕಲಾಯಿತು. ಆ ಗಡೀಪಾರನ್ನು ಉರಾಕಾಮಿಯವರು ಇಂದಿಗೂ ಕರೆಯುವುದು 'ಪ್ರಯಾಣ' ಎಂಬ ಸರಳ ಹೆಸರಿನಿಂದ.

ಮರಳಿ ಬಂದವರಿಗೆ ಮನೆಯಿಲ್ಲ, ಬಿತ್ತನೆಗೆ ಬೀಜವಿಲ್ಲ. 1874ರಲ್ಲಿ ಸಾಂಕ್ರಾಮಿಕ ರೋಗ ಬಂದಾಗ, ಗಡೀಪಾರಿನಿಂದ ಮರಳಿದ್ದ ಇವಾನಾಗ ಮಾಕಿ ಎಂಬ ಯುವತಿ ರೋಗಿಗಳ ಆರೈಕೆ ಮಾಡಿ ಅನಾಥ ಮಕ್ಕಳನ್ನು ಸಾಕತೊಡಗಿದಳು. ಅವಳ ಸುತ್ತ ಸೇರಿದ ಹೆಣ್ಣುಮಕ್ಕಳಿಂದ ಮುಂದೆ ಒಂದು ಕನ್ಯಾಸ್ತ್ರೀಯರ ಸಭೆಯೇ ಬೆಳೆಯಿತು. ವರ್ಷ ವರ್ಷವೂ ಆ ಹಲಗೆಯನ್ನು ತುಳಿಸುತ್ತಿದ್ದ ಊರ ಮುಖಂಡನ ಮನೆಯ ನಿವೇಶನವನ್ನೇ ಕೊಂಡು ಜನರು ಅಲ್ಲಿ ದೇವಾಲಯ ಕಟ್ಟಲು ತೊಡಗಿದರು. 1895ರಲ್ಲಿ ಆರಂಭವಾದ ಕೆಲಸ 1914ರಲ್ಲಿ ಪೂರ್ಣವಾಯಿತು. ಪೂರ್ವಿಕರು ತಲೆತಗ್ಗಿಸಿ ನಿಂತಿದ್ದ ಜಾಗದಲ್ಲಿ ಮಕ್ಕಳು ತಲೆಯೆತ್ತಿ ಹಾಡಿದರು.

1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಆ ದೇವಾಲಯದಿಂದ ಸುಮಾರು ಅರ್ಧ ಕಿ.ಮೀ. ದೂರದಲ್ಲಿ ಅಣುಬಾಂಬು ಸಿಡಿಯಿತು. ಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಸಿದ್ಧರಾಗಲು ಜನ ಪಾಪನಿವೇದನೆಗೆ ಬಂದಿದ್ದರು. ದೇವಾಲಯದೊಳಗಿದ್ದ ಗುರುಗಳೂ ಜನರೂ ಯಾರೂ ಉಳಿಯಲಿಲ್ಲ. ಉರಾಕಾಮಿಯ ಸುಮಾರು 12,000 ಕಥೋಲಿಕರಲ್ಲಿ ಸುಮಾರು 8,500 ಜನ ಸತ್ತರು. ಗುಪ್ತ ಕ್ರೈಸ್ತರ ಮುಖಂಡರ ವಂಶದವಳಾದ ಮಿದೋರಿ ಎಂಬಾಕೆಯೂ ಸತ್ತಳು. ಪತಿ ಡಾ. ತಕಾಶಿ ನಗಾಯಿ ಅವರಿಗೆ ಬೂದಿಯಲ್ಲಿ ಸಿಕ್ಕಿದ್ದು ಅವಳ ಮೂಳೆಗಳು ಮತ್ತು ಕರಗಿದ ಜಪಸರ. ಅವಶೇಷಗಳನ್ನು ಅಗೆದಾಗ ದೇವಾಲಯದ ಎರಡು ಗಂಟೆಗಳಲ್ಲಿ ಒಂದು ಒಡೆಯದೆ ಸಿಕ್ಕಿತು. ಅದೇ ವರ್ಷದ ಕ್ರಿಸ್ತಜಯಂತಿಯ ಹಿಂದಿನ ಸಂಜೆ ಆ ಗಂಟೆಯನ್ನು ಮರದ ಕಂಬಗಳಿಗೆ ಕಟ್ಟಿ ಬಾರಿಸಿದರು. ಒಡೆದುಹೋದ ಇನ್ನೊಂದು ಗಂಟೆಯ ಸ್ಥಾನದಲ್ಲಿ ಅಮೆರಿಕದ ಕಥೋಲಿಕರು ಕೊಟ್ಟ ಗಂಟೆ 2025ರ ಆಗಸ್ಟ್ 9ರಂದು ಅದರೊಂದಿಗೆ ಮೊದಲ ಬಾರಿ ಸೇರಿ ಮೊಳಗಿತು.

ನಮಗೇನು ಪಾಠ?

ಇಷ್ಟು ನಂಬಿದವರಿಗೆ ದೇವರು ಹೀಗೇಕೆ ಮಾಡಿದರು? ಆ ಪ್ರಶ್ನೆಯನ್ನು ಉರಾಕಾಮಿಯವರೂ ಕೇಳಿದರು. 1945ರ ನವೆಂಬರ್‌ನಲ್ಲಿ ಸತ್ತವರಿಗಾಗಿ ನಡೆದ ಬಲಿಪೂಜೆಯಲ್ಲಿ ಡಾ. ನಗಾಯಿ ಆ ಸಾವುಗಳನ್ನು ದೇವರಿಗರ್ಪಿಸಿದ ಬಲಿಯೆಂದು ಕಂಡು ಮಾತನಾಡಿದರು. ಕೆಲವರಿಗೆ ಅದು ಸಾಂತ್ವನವಾಯಿತು, ಕೆಲವರಿಗೆ ಒಪ್ಪಿಗೆಯಾಗಲಿಲ್ಲ. ನಾವು ದೂರದಲ್ಲಿ ಕುಳಿತು ತೀರ್ಪು ಹೇಳುವುದು ಬೇಡ. ಒಂದು ಮಾತ್ರ ಸ್ಪಷ್ಟ. ಕಷ್ಟ ಬರುವುದಿಲ್ಲವೆಂದು ಪ್ರಭು ನಮಗೆಂದೂ ಮಾತು ಕೊಟ್ಟಿಲ್ಲ. ಯುಗದ ಕೊನೆಯವರೆಗೆ ನಮ್ಮ ಜೊತೆಗಿರುವೆನೆಂದು ಮಾತು ಕೊಟ್ಟಿದ್ದಾರೆ. ಈ ಎರಡನ್ನೂ ನಾವು ಬೆರೆಸಿಕೊಂಡಾಗಲೇ ಮೊದಲ ಕಷ್ಟಕ್ಕೆ ನಮ್ಮ ವಿಶ್ವಾಸ ಅಲುಗಾಡುವುದು.

ಗುಪ್ತ ಕ್ರೈಸ್ತರೆಲ್ಲರೂ ಧರ್ಮಸಭೆಗೆ ಮರಳಲಿಲ್ಲ ಎಂಬುದೂ ಚರಿತ್ರೆಯೇ. ಇಕಿತ್ಸುಕಿ ಮೊದಲಾದ ದ್ವೀಪಗಳಲ್ಲಿ ಅನೇಕರು ತಮ್ಮ ಪೂರ್ವಿಕರ ರೀತಿಯಲ್ಲೇ ಉಳಿದರು. ಇತ್ತೀಚಿನ ವರ್ಷಗಳಲ್ಲಿ ಅವರ ಸಂಖ್ಯೆ ಬಹಳ ಕುಗ್ಗಿದೆ. ಹಿಂಸೆ ಅಳಿಸಲಾಗದ ಆ ಪ್ರಾರ್ಥನೆ ಈಗ ಕಲಿಯುವ ಮಕ್ಕಳಿಲ್ಲದೆ ನಿಲ್ಲುತ್ತಿದೆ. ಇದು ನಮ್ಮನ್ನು ಎಚ್ಚರಿಸಬೇಕು.

ನಮ್ಮ ಕರಾವಳಿಯ ಕ್ರೈಸ್ತರೂ 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆವಾಸವನ್ನು ಕಂಡವರು. ಮರಳಿ ಬಂದು ಗುಡಿಗಳನ್ನು ಮತ್ತೆ ಎಬ್ಬಿಸಿದವರು. ಅವರ ಮಕ್ಕಳು ನಾವು. ನಮ್ಮ ಮನೆಯ ಬಾಗಿಲಿಗೆ ಇಂದು ಹಲಗೆ ಹಿಡಿದು ಯಾರೂ ಬರುವುದಿಲ್ಲ. ಆದರೂ ಸಂಜೆಯ ಜಪಸರ ಎಷ್ಟು ಮನೆಗಳಲ್ಲಿ ಉಳಿದಿದೆ? ಟಿ.ವಿ. ಧಾರಾವಾಹಿ, ಮೊಬೈಲು, ಮಕ್ಕಳ ಟ್ಯೂಷನ್ ಇವುಗಳ ನಡುವೆ ಹದಿನೈದು ನಿಮಿಷ ಸಿಗುವುದಿಲ್ಲ. ಉರಾಕಾಮಿಯ ಮಕ್ಕಳಿಗೆ ವಿಶ್ವಾಸ ಕಲಿಸಿದ್ದು ಶಾಲೆಯಲ್ಲ, ಗುರುಗಳಲ್ಲ. ಕದ ಮುಚ್ಚಿದ ಮನೆಯಲ್ಲಿ ತಾಯಿ ಮೆಲ್ಲನೆ ಹೇಳಿಕೊಟ್ಟಳು, ಅಷ್ಟೇ. ಆ ದನಿ ಏಳು ತಲೆಮಾರು ದಾಟಿ ಓರ ದೇವಾಲಯದ ಬಾಗಿಲು ಮುಟ್ಟಿತು.

ಇಂದು ನಮ್ಮ ನಡುವೆ ಕಾಯಿಲೆಯಿಂದ, ಸಾಲದಿಂದ, ಮನೆಯೊಡಕಿನಿಂದ ನೊಂದು ದೇವರ ಉತ್ತರಕ್ಕೆ ಕಾಯುತ್ತಿರುವವರಿದ್ದಾರೆ. ಸೋತು ಬಿದ್ದು, ಇನ್ನು ಗುಡಿಗೆ ಹೋಗುವ ಮುಖ ನನಗಿಲ್ಲವೆಂದು ದೂರ ಉಳಿದವರಿದ್ದಾರೆ. ಹಲಗೆ ತುಳಿದು ಬಂದು ಅತ್ತವರ ಪ್ರಾರ್ಥನೆಯನ್ನು ಕೇಳಿದ ದೇವರು ನಮ್ಮದನ್ನೂ ಕೇಳುತ್ತಾರೆ. ಈ ತಪಸ್ಸು ಕಾಲದಲ್ಲಿ ಪಾಪನಿವೇದನೆಗೆ ಹೋಗೋಣ. ಅದಕ್ಕಾಗಿ ಒಂದು ಜನಾಂಗ ಇನ್ನೂರು ವರ್ಷ ಕಾದಿತ್ತು. ನಾವು ಕಾಯಬೇಕಾದುದು ಶನಿವಾರ ಸಂಜೆಯವರೆಗೆ ಮಾತ್ರ. ಇಂದು ರಾತ್ರಿ ಊಟಕ್ಕೆ ಮುಂಚೆ ಮನೆಯವರೆಲ್ಲ ಒಟ್ಟಿಗೆ ಮೊಣಕಾಲೂರೋಣ. ಗೋಡೆಯ ಮೇಲಿರುವ ಕ್ಯಾಲೆಂಡರನ್ನು ಮಕ್ಕಳಿಗೆ ತೋರಿಸಿ ತಪಸ್ಸು ಕಾಲದ ಎಷ್ಟನೆಯ ದಿನವಿದು ಎಂದು ಎಣಿಸಲು ಹೇಳೋಣ.